ಎರಡನೆಯ ಬಾಟಲಿಗೆ ಒಂಬತ್ತೂವರೆ

ಉಪೇಂದ್ರ ಕೊರ್ಲಹಳ್ಳಿಯವರಿಗೆ ಆ ವಾರವಿಡೀ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಟಿ.ವಿ.ಯಲ್ಲಿ ಕ್ರಿಕೆಟ್ ನಡೆದಿದ್ದರೂ ಸ್ಕೋರು ಎಷ್ಟೆಂದು ಕೇಳುವ ಮನಸ್ಸಾಗಲಿಲ್ಲ. ಕಾರಣವನ್ನು ಹೆಂಡತಿಗೆ ಹೇಳುವಂತಿರಲಿಲ್ಲ, ಆಫೀಸಿನಲ್ಲಂತೂ ಹೇಳುವಂತೆಯೇ ಇರಲಿಲ್ಲ. ಎರಡೂ ಕಡೆ ಅವರಿಗೆ ಬೇರೆ ಬೇರೆ ಹೆಸರಿತ್ತು. ಮನೆಯಲ್ಲಿ ಅವರು ಮದ್ಯದ ಗಾಳಿಯನ್ನೂ ಸೋಕಿಸಿಕೊಳ್ಳದ ಸದ್ಗೃಹಸ್ಥರು. ಆಫೀಸಿನಲ್ಲಿ ಇಟಲಿಯ ದ್ರಾಕ್ಷಾರಸವನ್ನು ಅರೆದು ಕುಡಿದ ಮಹಾಪಂಡಿತರು. ಇವೆರಡರಲ್ಲಿ ನಿಜವಾದದ್ದು ಮೊದಲನೆಯದು. ಆಪತ್ತು ಬಂದದ್ದು ಎರಡನೆಯದರಿಂದ.

ಉಪೇಂದ್ರರು ಗದಗಿನ ಕಡೆಯವರು. ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿ ಹೈದರಾಬಾದಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ವಾಸ ಕಾಚಿಗೂಡದ ಹಳೆಯ ಅಪಾರ್ಟ್‌ಮೆಂಟೊಂದರಲ್ಲಿ. ಎರಡು ವರ್ಷದ ಹಿಂದೆ ಒಂದು ಯಂತ್ರವನ್ನು ಪರೀಕ್ಷಿಸಿ ಬರಲೆಂದು ಕಂಪನಿ ಅವರನ್ನು ಹದಿನೈದು ದಿನ ಇಟಲಿಯ ಟ್ಯೂರಿನ್ ನಗರಕ್ಕೆ ಕಳಿಸಿತ್ತು. ಆ ಹದಿನೈದು ದಿನವೂ ಅವರು ತಿಂದದ್ದು ಹೆಂಡತಿ ಕುಮುದಾ ಕಟ್ಟಿಕೊಟ್ಟಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಅಲ್ಲಿನ ಅಂಗಡಿಯ ಮೊಸರು. ಆದರೆ ಮರಳಿ ಬಂದ ಮೇಲೆ ಕ್ಯಾಂಟೀನಿನಲ್ಲಿ ನಾಲ್ಕು ಜನ ಸುತ್ತ ಕೂತು, ಇಟಲಿಯ ವೈನ್ ಹೇಗಿತ್ತು ಎಂದು ಆಸೆಗಣ್ಣಿನಿಂದ ಕೇಳಿದರೆ ಚಟ್ನಿಯ ಮಾತೆತ್ತುವುದು ಹೇಗೆ? ಅಲ್ಲಿ ನೀರಿನ ಬದಲು ಅದನ್ನೇ ಕೊಡುತ್ತಾರೆ ಎಂದು ಶುರುಮಾಡಿದರು. ಮೂಸಿ ನೋಡಿಯೇ ದ್ರಾಕ್ಷಿ ಗುಡ್ಡದ ಯಾವ ಮಗ್ಗುಲಲ್ಲಿ ಬೆಳೆದದ್ದೆಂದು ಹೇಳುವಷ್ಟು ರೂಢಿಯಾಯಿತು ಎಂದು ಮುಗಿಸಿದರು. (ನಡುವೆ ಹೇಳಿದ್ದನ್ನು ಇಲ್ಲಿ ಬರೆಯದಿರುವುದೇ ಅವರ ಮರ್ಯಾದೆಗೆ ಒಳ್ಳೆಯದು.)

ಆ ಮಾತು ಎರಡು ವರ್ಷ ಸುಮ್ಮನೆ ಮಲಗಿತ್ತು, ಈಗ ಎದ್ದು ಕೂತಿತು. ಯಂತ್ರವನ್ನು ಜೋಡಿಸಿ ಕೊಡಲು ಟ್ಯೂರಿನ್ನಿನಿಂದ ಆರು ಜನ ಬರುವವರಿದ್ದರು, ಅವರಿಗೆ ಸಿಕಂದರಾಬಾದಿನ ಆಫೀಸರ್ಸ್ ಕ್ಲಬ್ಬಿನಲ್ಲಿ ಔತಣವಿತ್ತು. ಜನರಲ್ ಮ್ಯಾನೇಜರ್ ವಿಶ್ವಜಿತ್ ಸಾಹೇಬರು ಬಂಗಾಳದವರು, ಕುಡಿಯುವ ನೀರಿಗೂ ಒಂದು ಕಮಿಟಿ ಮಾಡುವ ಸ್ವಭಾವದವರು. ಮೂರು ಬಗೆಯ ಇಟಾಲಿಯನ್ ವೈನ್ ತರಿಸಿ, ಶನಿವಾರ ಹನ್ನೊಂದು ಗಂಟೆಗೆ ರುಚಿ ನೋಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಒಂದನ್ನು ಆರಿಸತಕ್ಕದ್ದೆಂದು ಅಪ್ಪಣೆ ಹೊರಡಿಸಿದರು. ಕಮಿಟಿಯ ಅಧ್ಯಕ್ಷ ಯಾರೆಂಬ ಪ್ರಶ್ನೆಯೇ ಏಳಲಿಲ್ಲ. ಎಲ್ಲರೂ ಒಟ್ಟಿಗೇ ಉಪೇಂದ್ರರ ಕಡೆ ನೋಡಿದರು.

ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಆದರೆ ಸಾಹೇಬರ ಹೆಂಡತಿ ಉತ್ಸಾಹದಿಂದ ಎಲ್ಲ ಮನೆಗಳಿಗೂ ಫೋನ್ ಮಾಡಿ ಹೆಂಗಸರನ್ನೂ ಕರೆದುಬಿಟ್ಟರು. ಕುಮುದಾ ಎಂಥವಳೆಂದರೆ, ಒಮ್ಮೆ ಕೆಮ್ಮಿನ ಔಷಧದ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಆಲ್ಕೋಹಾಲ್ ಎಂದಿರುವುದನ್ನು ಭೂತಗನ್ನಡಿ ಹಿಡಿದು ಓದಿ, ಅದನ್ನು ಅಂಗಡಿಗೆ ವಾಪಸು ಕೊಟ್ಟು, ಗಂಡನಿಗೆ ಮೂರು ವಾರ ಕಷಾಯ ಕುಡಿಸಿದವಳು. ರಮ್ ಹಾಕಿರುತ್ತಾರೆಂದು ಪಕ್ಕದ ಮನೆಯ ಕ್ರಿಸ್‌ಮಸ್ ಕೇಕು ಅವಳ ಹೊಸ್ತಿಲು ದಾಟುತ್ತಿರಲಿಲ್ಲ. ಫೋನಿನಲ್ಲಿ ಸಾಹೇಬರ ಹೆಂಡತಿ ಹಿಂದಿಯಲ್ಲಿ ‘ಟೇಸ್ಟಿಂಗ್’ ಎಂದದ್ದನ್ನು ಇವಳು ಔತಣದ ಅಡಿಗೆಯ ರುಚಿ ನೋಡುವುದೆಂದೇ ತಿಳಿದಳು.

“ನಾನೂ ಬರ್ತೀನಿ. ನಿಮಗ ರುಚಿ ಏನ ತಿಳೀತೈತಿ? ಸಾರಿಗೆ ಉಪ್ಪ ಹಾಕೂದು ಮರತ ದಿವಸನೂ ಭಾಳ ಚಲೋ ಆಗೈತಿ ಅಂದವರು ನೀವು,” ಎಂದಳು.

ಅಂದು ಹಾಗೆ ಅಂದದ್ದು ಪ್ರೀತಿಯಿಂದ ಎಂದು ಹೇಳಲು ಉಪೇಂದ್ರರು ಬಾಯಿ ತೆರೆದರು. ತೆರೆದರೆ ಇನ್ನೇನಾದರೂ ಹೊರಬಂದೀತೆಂದು ಮುಚ್ಚಿದರು.

ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯನ್ನು ಕೆದಕಿ, ವೈನಿನ ಬಗೆಗಿನ ಒಂದು ಪುಸ್ತಕ ತಂದರು. ರುಚಿಯ ಅಧ್ಯಾಯವನ್ನು ಯಾರೋ ಹರಿದುಕೊಂಡು ಹೋಗಿದ್ದರು, ವಾಸನೆಯ ಅಧ್ಯಾಯ ಮಾತ್ರ ಉಳಿದಿತ್ತು. ಚೆರ್ರಿ, ಹೊಗೆಸೊಪ್ಪು, ಹೊಸ ಚರ್ಮ, ಮಳೆಯಲ್ಲಿ ನೆನೆದ ಕಾಡಿನ ನೆಲ, ಹಳೆಯ ಗ್ರಂಥಾಲಯ. ಕೊನೆಯ ಎರಡು ಅತ್ಯುತ್ತಮ ವೈನುಗಳಲ್ಲಿ ಮಾತ್ರ ಸಿಗುತ್ತವೆ ಎಂದಿತ್ತು. ಆದರೆ ಅವರಿಗೆ ಹೋದ ಜೀವ ಬಂದದ್ದು ಇನ್ನೊಂದು ಸಾಲನ್ನು ಓದಿ. ನಿಜವಾದ ತಜ್ಞರು ವೈನನ್ನು ನುಂಗುವುದಿಲ್ಲವಂತೆ, ಬಾಯಲ್ಲಿ ಹೊರಳಿಸಿ ಉಗುಳುತ್ತಾರಂತೆ. ನೇಮವೂ ಉಳಿಯಿತು, ಮಾನವೂ ಉಳಿಯಿತು ಎಂದುಕೊಂಡರು.

ಉಗುಳುವುದಕ್ಕೂ ಅಭ್ಯಾಸ ಬೇಕು. ಕಪ್ಪು ದ್ರಾಕ್ಷಿಯ ರಸವನ್ನು ಗಾಜಿನ ಲೋಟಕ್ಕೆ ಹಾಕಿಕೊಂಡು ಬಚ್ಚಲಲ್ಲಿ ನಿಂತು, ಲೋಟ ತಿರುಗಿಸಿ, ಮೂಗಿಟ್ಟು, ಗುಳುಗುಳು ಮಾಡಿ ಬೇಸಿನ್ನಿಗೆ ಉಗುಳುತ್ತಿದ್ದಾಗ ಬಾಗಿಲಲ್ಲಿ ಕುಮುದಾ ನಿಂತಿದ್ದಳು. ಬೇಸಿನ್ನೆಲ್ಲ ಕೆಂಪಾಗಿತ್ತು.

“ಹಲ್ಲ ನೋಯಾಕತ್ತೈತೇನ್ರಿ?” ಎಂದು ಗಾಬರಿಯಿಂದ ಕೇಳಿದಳು.

ಅವರು ಹೂಂ ಎಂದರು. ಅದರ ಫಲವಾಗಿ ಎರಡು ದಿನ ದವಡೆಯಲ್ಲಿ ಲವಂಗ, ತಾಟಿನಲ್ಲಿ ಗಂಜಿ, ಮೂರನೆಯ ದಿನ ಡೆಂಟಿಸ್ಟ್. ಎಲ್ಲಿಯೂ ನೋಯದಿದ್ದ ಹಲ್ಲು, ಅಲ್ಲಿಗೆ ಹೋಗಿ ಬಂದ ಮೇಲೆ ನೋಯತೊಡಗಿತು.

ಶನಿವಾರ ಬಂತು. ಕ್ಲಬ್ಬಿನ ಉದ್ದ ಮೇಜಿನ ಮೇಲೆ ನ್ಯೂಸ್‌ಪೇಪರ್ ಸುತ್ತಿ ಒಂದು, ಎರಡು, ಮೂರು ಎಂದು ಬರೆದ ಬಾಟಲಿಗಳು, ಗಾಜಿನ ಲೋಟಗಳು, ಕೆಳಗೊಂದು ಸ್ಟೀಲಿನ ಬಕೆಟ್ಟು. ವೈನ್ ಕಂಪನಿಯಿಂದ ಕಾವ್ಯಾ ಎಂಬ ಬೆಂಗಳೂರಿನ ಹುಡುಗಿ ಬಂದಿದ್ದಳು, ಬಡಿಸಿ ವಿವರಿಸುವುದು ಅವಳ ಕೆಲಸ. ಕುಮುದಾ ಬಾಟಲಿಗಳನ್ನು ನೋಡಿದಳು, ಗಂಡನನ್ನು ನೋಡಿದಳು.

“ಅಡಿಗಿ ಎಲ್ಲೈತ್ರಿ?” ಎಂದಳು ಮೆಲ್ಲಗೆ.

ಮೊದಲು ಇದು, ಇದೆಲ್ಲ ಸರಕಾರಿ ಕೆಲಸ, ತಾನು ಬರೀ ಅಂಕ ಬರೆಯುವವನು ಎಂದು ಹೇಳಿ ಉಪೇಂದ್ರರು ಬೆವರೊರೆಸಿಕೊಂಡರು. ಮನೆಗೆ ಹೋದ ಮೇಲಿನ ಕಾರ್ಯಕ್ರಮವೆಲ್ಲ ಅವಳ ಆಗಿನ ನೋಟದಲ್ಲೇ ಇತ್ತು. ಕನ್ನಡ ಕಿವಿಗೆ ಬಿದ್ದ ಕಾವ್ಯಾ ಖುಷಿಯಿಂದ ಬಂದು ಅವಳನ್ನು ಮಾತಾಡಿಸಿದಳು. ಆಮೇಲೆ ಕುಮುದಾ ಸಾಹೇಬರ ಹೆಂಡತಿಯ ಜೊತೆ ಸೋಫಾದಲ್ಲಿ ಸರಿಯಾಗಿ ಗಂಡನ ಮುಖ ಕಾಣುವ ಹಾಗೆ ಕೂತಳು.

ಮೊದಲ ಬಾಟಲಿ ಬಿಳಿಯದು. ಉಪೇಂದ್ರರು ಲೋಟವನ್ನು ಪುಸ್ತಕದಲ್ಲಿದ್ದಂತೆ ತಿರುಗಿಸಿದರು. ಅರ್ಧ ಅಂಗಿಯ ಮೇಲೆ ಬಿತ್ತು. ಉಳಿದರ್ಧವನ್ನು ಮೂಸಿ, ಬಾಯಲ್ಲಿಟ್ಟು, ಹೆಂಡತಿಗೆ ಕಾಣಲೆಂದು ಸ್ವಲ್ಪ ಜೋರಾಗಿಯೇ ಬಕೆಟ್ಟಿಗೆ ಉಗುಳಿ ಆರು ಅಂಕ ಎಂದರು. ಕಮಿಟಿಯ ಉಳಿದ ನಾಲ್ವರೂ ಆರು ಎಂದು ಬರೆದರು.

ಎರಡನೆಯದು ಕೆಂಪು. ಮೂಗಿಟ್ಟೊಡನೆ ಅವರ ಎದೆ ಅರಳಿತು. ಏನೋ ಮುಗ್ಗಲು, ಏನೋ ತೇವ. ಮುಚ್ಚಿಟ್ಟ ಕಪಾಟು ತೆರೆದ ಹಾಗೆ. ಇದೇ ಅಲ್ಲವೇ ಪುಸ್ತಕದ ಹಳೆಯ ಗ್ರಂಥಾಲಯ, ಇದೇ ಅಲ್ಲವೇ ನೆನೆದ ಕಾಡಿನ ನೆಲ? ಕಣ್ಣು ಮುಚ್ಚಿ ನಿಂತರು. ಇಂಥ ಪರಿಮಳ ಟ್ಯೂರಿನ್ ಬಿಟ್ಟ ಮೇಲೆ ಇಂದೇ ಸಿಕ್ಕಿತೆಂದೂ, ಇದು ಗುಡ್ಡದ ಪೂರ್ವದ ಮಗ್ಗುಲಿನ ದ್ರಾಕ್ಷಿಯೆಂದೂ ಹಿಂದಿಯಲ್ಲಿ ಐದು ನಿಮಿಷ ವ್ಯಾಖ್ಯಾನ ಮಾಡಿ, ಒಂಬತ್ತೂವರೆ ಕೊಟ್ಟರು. ಮೂಸಿ ಮುಖ ಹಿಂಡಿದ್ದ ವಿಶ್ವಜಿತ್ ಸಾಹೇಬರು ಕೂಡ, ತಮ್ಮ ಮೂಗಿನದೇ ತಪ್ಪಿರಬೇಕೆಂದು ಒಂಬತ್ತು ಬರೆದರು.

ಸಾಹೇಬರ ಹೆಂಡತಿ ಆ ಅಮೃತದ ಲೋಟವನ್ನು ಸೋಫಾಕ್ಕೇ ತರಿಸಿಕೊಂಡು, ಕುಡಿಯಬೇಡಿ, ಬರೀ ಮೂಸಿ ನೋಡಿ ಎಂದು ಕುಮುದಾಳ ಮುಂದೆ ಹಿಡಿದರು. ದೊಡ್ಡವರ ಮಾತು ತೆಗೆಯಲಾರದೆ ಕುಮುದಾ ಬಗ್ಗಿದಳು. ಒಡನೆಯೇ ತಲೆ ಹಿಂದಕ್ಕೆ ಹೋಯಿತು.

“ತಂಗೀ, ಇದು ಕೆಟ್ಟೈತಿ,” ಎಂದಳು ಕಾವ್ಯಾಳಿಗೆ. “ಹುಣಸಿಹಣ್ಣಿನ ಗೋಣಿಚೀಲ ಮಳಿಗಿ ತೊಯ್ದರ ಹಿಂಗ ನಾರತೈತಿ. ಯಾರಿಗೂ ಕೊಡಬ್ಯಾಡ.”

ಉಪೇಂದ್ರರು ನಗಲು ನೋಡಿದರು. ಅವಳಿಗೆ ಇದೆಲ್ಲ ಅಭ್ಯಾಸವಿಲ್ಲ ಎಂದು ಸಾಹೇಬರಿಗೆ ಸಮಾಧಾನ ಹೇಳತೊಡಗಿದರು. ಅಷ್ಟರಲ್ಲಿ ಕಾವ್ಯಾ ಆ ಬಾಟಲಿಯ ಕಾರ್ಕ್ ಬಿರಡೆಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡಳು. ಅವಳ ಮುಖ ಬಿಳಿಚಿತು.

“ಆಂಟಿ ಹೇಳಿದ್ದು ಸರಿ ಸಾರ್. ಕಾರ್ಕ್‌ನಿಂದ ಬೂಷ್ಟು ವಾಸನೆ ಹತ್ತಿ ಈ ಬಾಟಲಿ ಕೆಟ್ಟಿದೆ. ಬಡಿಸೋಕೆ ಮುಂಚೆ ನಾನೇ ನೋಡಬೇಕಿತ್ತು, ಎರಡು ದಿನದಿಂದ ನೆಗಡಿ, ಮೂಗೇ ಕಟ್ಟಿದೆ. ಯಾರಿಗೂ ಗೊತ್ತಾಗಲ್ಲ ಅಂದುಕೊಂಡು ಬಂದೆ,” ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡಳು. ಆಮೇಲೆ ಸಾಹೇಬರಿಗೆ ಅದನ್ನೇ ಹಿಂದಿಯಲ್ಲಿ ಹೇಳಿದಳು.

ಐದು ಅಂಕಪಟ್ಟಿಗಳ ಮೇಲೆ ಒಂಬತ್ತು, ಒಂಬತ್ತು, ಒಂಬತ್ತೂವರೆ ಎಂದು ಕೊಳೆತ ಗೋಣಿಚೀಲಕ್ಕೆ ಸಂದ ಗೌರವ ಹಾಗೇ ಹರಡಿಕೊಂಡಿತ್ತು. ಸಾಹೇಬರು ಅವನ್ನೆಲ್ಲ ಒಟ್ಟುಮಾಡಿ ಎರಡಾಗಿ ಹರಿದು, ಹೊಸ ಪಟ್ಟಿ ಪ್ರಿಂಟ್ ಮಾಡಿಸಿ ತನ್ನಿರೆಂದು ಉಪೇಂದ್ರರನ್ನೇ ಕಳಿಸಿದರು. ಕ್ಲಬ್ಬಿನ ಪ್ರಿಂಟರ್ ಮೊದಲು ಕಾಗದ ನುಂಗಿತು, ಆಮೇಲೆ ಶಾಯಿಯಿಲ್ಲ ಎಂದಿತು. ಒಳಗೇನು ನಡೆದಿದೆಯೋ, ಕುಮುದಾ ಏನು ಹೇಳುತ್ತಿದ್ದಾಳೋ ಎಂದುಕೊಳ್ಳುತ್ತ ಅವರು ಅದರ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿದರು. ಇಪ್ಪತ್ತು ನಿಮಿಷದ ಮೇಲೆ ಪಟ್ಟಿ ಹಿಡಿದು ಬಂದಾಗ ಕೆಲಸವೆಲ್ಲ ಮುಗಿದಿತ್ತು. ಎರಡನೆಯದರ ಹೊಸ ಬಾಟಲಿ ತೆರೆದಿದ್ದರು, ಮೂರನೆಯದೂ ತೆರೆದಿತ್ತು. ಕುಮುದಾ ಮೇಜಿನ ತಲೆಗೆ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದಳು. ಮೂರನೆಯದರಲ್ಲಿ ನೇರಳೆಹಣ್ಣು, ಲವಂಗ, ಹೊಸ ಚಪ್ಪಲಿಯ ವಾಸನೆ ಇದೆ ಎಂದು ಅವಳು ಹೇಳಿದ್ದು ಕಂಪನಿಯ ಕಾಗದದಲ್ಲಿ ಅಚ್ಚಾಗಿದ್ದುದಕ್ಕೆ ಹೆಚ್ಚುಕಡಿಮೆ ತಾಳೆಯಾಯಿತಂತೆ. ಅದೇ ಆಯ್ಕೆಯಾಯಿತು. ಉಪೇಂದ್ರರು ಅವಳು ಹೇಳಿದ ಅಂಕಗಳನ್ನು ಬರೆದುಕೊಂಡು ಸಹಿ ಮಾಡಿದರು.

ಹೊರಡುವಾಗ ವಿಶ್ವಜಿತ್ ಸಾಹೇಬರು ಅವರ ಭುಜದ ಮೇಲೆ ಕೈಯಿಟ್ಟು, ಟ್ಯೂರಿನ್ನಿನಲ್ಲಿ ಹದಿನೈದು ದಿನಕ್ಕೆ ಶೇಂಗಾ ಚಟ್ನಿ ಸಾಕಾಯಿತೇ ಎಂದು ಬಹಳ ಕನಿಕರದಿಂದ ವಿಚಾರಿಸಿದರು.

ಕಾರಿನಲ್ಲಿ ಕುಮುದಾ ಕಿಟಕಿಯಾಚೆ ನೋಡುತ್ತ ಕೂತಳು. ಉಪೇಂದ್ರರಿಗೆ ಆಫೀಸಿನ ಮಾನ ಹೋದ ದುಃಖಕ್ಕಿಂತ ಈ ಮೌನದ ಭಯವೇ ಹೆಚ್ಚಾಗಿತ್ತು. ಎರಡು ಸಿಗ್ನಲ್ ದಾಟಿದ ಮೇಲೆ ತಡೆಯಲಾಗಲಿಲ್ಲ.

“ಕುಮುದಾ, ಖರೇ ಹೇಳ್ತೀನಿ. ಆಫೀಸಿನ್ಯಾಗ ಸುಳ್ಳ ಹೇಳಿದ್ದು ಹೌದು. ಆದರ ಇವತ್ತಿನ ತನಕ ಒಂದ ಹನಿ ನುಂಗಿಲ್ಲ. ಇವತ್ತೂ ಎಲ್ಲಾ ಉಗುಳೇನಿ. ನೀನ ನೋಡಿಯಲ್ಲ?”

“ನೋಡಿದೆ,” ಎಂದಳು ಕುಮುದಾ. ಕಿಟಕಿಯ ಗಾಜನ್ನು ಅರ್ಧ ಏರಿಸಿ, “ನಾ ಉಗುಳಲಿಲ್ಲ,” ಎಂದಳು.

ಕಾರು ತಾನಾಗಿಯೇ ನಿಧಾನವಾಯಿತು.

“ನೀವು ಪ್ರಿಂಟರ್ ಕಡೆ ಹೋದಾಗ ಆ ಹುಡುಗಿ ಒಂದ ಚಮಚ ಕೊಟ್ಟಳು, ಹುಳಿ ಐತೋ ಇಲ್ಲೋ ನೋಡ್ರಿ ಆಂಟಿ ಅಂತ. ಪಾಪ, ಮೂಗ ಕಟ್ಟೇತಿ, ಕೆಲಸ ಹೋದೀತು ಅಂತ ಅಂಜಿದ್ದಳು. ಅಷ್ಟ ಮಂದಿ ಎದುರಿಗೆ ಬಕೀಟಿನ್ಯಾಗ ಉಗುಳೂದು ನನಗ ಚಂದ ಕಾಣಲಿಲ್ಲ. ನುಂಗಿದೆ. ಆಮ್ಯಾಲೆ ಖಾತ್ರಿ ಮಾಡ್ಕೊಳ್ಳಾಕ ಇನ್ನೊಂದ ಚಮಚ.”

ಹಿಂದಿನಿಂದ ಒಂದು ಆಟೊ ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಉಪೇಂದ್ರರಿಗೆ ಗೇರ್ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಏನಾದರೂ ಕೇಳಬೇಕಲ್ಲ ಎಂದು, ಹೇಗಿತ್ತು ಎಂದು ಕೇಳಿದರು.

“ತಜ್ಞರು ನೀವು,” ಎಂದಳು ಕುಮುದಾ, ಸೆರಗು ಸರಿಮಾಡಿಕೊಳ್ಳುತ್ತ. “ಮುಂದಿನ ಶನಿವಾರ, ಊಟ ಆದಮ್ಯಾಲೆ ಕೊಡೂದನ್ನ ಆರಸಾಕ, ಮತ್ತೊಂದ ನಾಕು ಬಾಟಲಿ ಬರ್ತಾವಂತ. ಸಾಹೇಬ್ರು ನನ್ನ ಕರದಾರ. ನೀವೂ ಬರ್ರಿ ಬೇಕಾದರ, ಗಾಡಿ ನಡಸಾಕ ಒಬ್ಬರು ಬೇಕಾಗತೈತಿ.”