ಮಾವನಿಗೆ ಡ್ರಾಪ್ ಕೊಡಬ್ಯಾಡ್ರಿ

ಪಾಪ ಅಂತ ಬೈಕ್ ನಿಲ್ಲಿಸಿ, ಡ್ರಾಪ್ ಕೊಟ್ಟು, ಬೈಸ್ಕೊಂಡಿದೀರೇನ್ರಿ ಯಾವತ್ತಾದ್ರೂ? ನಾನು ಬೈಸ್ಕೊಂಡೀನಿ. ಅದೂ ಸ್ವಂತ ಸೋದರಮಾವನ ಹತ್ರ!

ನ್ಯಾಮತಿಯಾಗೆ ಟೈಲರ್ ಅಂವ. ಜಗತ್ತಿನ ಬಸ್ಸು-ಬೈಕಿಗೆಲ್ಲ ಅವಮಾನ ಮಾಡಾಕೇ ಹುಟ್ಟಿದೋನು. "ದಿನವೆಲ್ಲ ಮಿಷನ್ ತುಳೀತೀನಿ ಕಣೋ, ಒಂದು ಗೇಣು ಮುಂದಕ್ಕೆ ಹೋಗಲ್ಲ" ಅಂತಾನೆ. ಅದಕ್ಕೇ ಭಾನುವಾರ ಬಂತಂದ್ರೆ ಗೋವಿನಕೋವಿಗೆ ನಡ್ಕೊಂಡು ಹೊರಡ್ತಾನೆ. ಅಲ್ಲೇನು ಕೆಲಸ? ಏನೂ ಇಲ್ಲ! ಒಂದು ಸಲನಾದ್ರೂ ಪೂರ್ತಿ ದಾರಿ ಕಾಲಲ್ಲೇ ಮುಗಿಸ್ಬೇಕು, ಅಷ್ಟೇ ಹಠ.

ನಮ್ಮ ಕಡೆ ಜನ ಬಿಡಬೇಕಲ್ಲ! ಪರಿಚಯದೋರು ಬಿಸಿಲಾಗೆ ನಡೀತಿದ್ರೆ ಗಾಡಿ ನಿಲ್ಲಿಸದೋನು ಮನುಷ್ಯನೇ ಅಲ್ಲ. ಆ ರಸ್ತೆಯಾಗೆ ಓಡಾಡೋ ಅರ್ಧ ಪ್ಯಾಂಟು ಮಾವ ಹೊಲಿದಿದ್ದೇ. "ಹತ್ರಿ ಟೈಲರ್ರೇ, ಬಿಡ್ತೀನಿ!" ಬ್ಯಾಡ ಅಂದ್ರೆ ಅವರಿಗೆ ಬೇಜಾರು. ಹತ್ತಿ ಕೂರ್ತಾನೆ. ಮುಂದೆ ಇಳಿದು, ಗಾಡಿ ಮರೆಯಾದ ಮೇಲೆ, ಹತ್ತಿದ ಜಾಗಕ್ಕೇ ವಾಪಸ್ ನಡೀತಾನೆ! ಅಲ್ಲಿಂದ ಮತ್ತೆ ಶುರು. ಒಂದಿನ ಹಂಗೆ ವಾಪಸ್ ಬರೋವಾಗ ಇನ್ನೊಬ್ಬ ನಿಲ್ಲಿಸಿ, ಸೀದಾ ನ್ಯಾಮತಿ ಅಂಗಡಿ ಮುಂದೆ ತಂದು ಇಳಿಸಿದ!

ಹೋದ ತಿಂಗಳು ಸಿಕ್ಕಿದ್ದು ನನ್ನ ಕೈಗೆ. ಅರ್ಧ ದಾರಿಯಾಗೆ, ಗದ್ದೆ ಬದುವಿನ ಮ್ಯಾಲೆ ಬೆಳ್ಳಕ್ಕಿ ಹೆಜ್ಜೆ ಇಡೋದನ್ನ ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ದ.

"ಹತ್ತು ಮಾವ, ಸಂಜೆ ಆತು."

"ಕಣ್ಣು ಕಾಣಲ್ವೇನೋ? ನಡೀತಾ ಇದೀನಿ!"

"ನಿಂತಿದೀಯಲ್ಲ?"

"ಅದೂ ನಡಿಗೇನೇ ಕಣೋ ಮುಠ್ಠಾಳ!"

ರಟ್ಟೆ ಹಿಡಿದು ಕೂರಿಸ್ಕೊಂಡು ಮನೆಗೆ ತಂದೆ. ದಾರಿಯುದ್ದಕ್ಕೂ ಬೈಗುಳ.

ಮನೆಯಾಗೆ ಅತ್ತೆ ಮಂಚದ ಮ್ಯಾಲೆ. ಲಕ್ವ ಹೊಡೆದು ಎರಡು ವರ್ಷ, ಎದ್ದು ನಿಂತಿಲ್ಲ. ಗೋವಿನಕೋವಿ ಅವಳ ತವರು; ಸಣ್ಣಾಕಿ ಇದ್ದಾಗ ನಡೆದ ದಾರಿ ಅದು. ಮಾವ ಪಕ್ಕದಾಗೆ ಕೂತು, ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ತಗೊಂಡು ಅವಳ ಹೊದಿಕೆ ಮ್ಯಾಲೇ ಗೆರೆ ಎಳೆದ. "ಇದು ಮೋರಿ ಕಣೆ. ನೀರು ಸಣ್ಣಗೆ ಹರೀತೈತೆ. ಇಲ್ಲಿ ಬೇವಿನ ಮರ, ನೆರಳಾಗೆ ಒಂಚೂರು ನಿಂತ್ವಿ..." ಅತ್ತೆ ಕಣ್ಣು ಮುಚ್ಚಿದ್ಲು. ಉಸಿರು ನಡೆಯೋರ ಉಸಿರಿನಂಗೆ ಏರಿಳೀತಿತ್ತು.

ಬೆಳ್ಳಕ್ಕಿ ಹತ್ರ ಗೆರೆ ನಿಂತೋತು.

"ಆಮೇಲೆ?"

ಮಾವ ತಲೆ ತಗ್ಗಿಸ್ದ. "ಇವನು ಎತ್ಕೊಂಡು ಬಂದ."

ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು ಕಣ್ರಿ. ಅತ್ತೆ ಮಾತ್ರ ಕಣ್ಣು ತೆಗೀದೆ, ತೊದಲ್ತಾ ಅಂದ್ಲು: "ಇರ್ಲಿ ಬಿಡ್ರಿ. ನಾ ಇಲ್ಲೇ ನಿಂತಿರ್ತೀನಿ. ಬರೋ ಭಾನುವಾರ ಇಲ್ಲಿಂದ ಕರ್ಕೊಂಡು ಹೋಗ್ರಿ."

ಆ ಭಾನುವಾರ ನಾನು ಮಾವನ ಹಿಂದೆ ನಡೆದು, ನಿಲ್ಲಿಸಿದ ಗಾಡಿನೆಲ್ಲ ಕೈಮುಗಿದು ಕಳಿಸ್ದೆ. ಅತ್ತೆ ಸಂಜೆ ತವರು ಮುಟ್ಟಿದ್ಲು.

ಈಗ ಬ್ಯಾರೆ ದಾರಿ ಕೇಳ್ತಾಳೆ. ನೀವು ನಡೆದ ದಾರಿಯಾಗೆ ಏನೇನು ಸಿಗ್ತಾವೆ, ಮರ, ಮೋರಿ, ನಾಯಿ, ಒಂದೂ ಬಿಡದೆ ಕಾಮೆಂಟಿನಾಗೆ ಬರೀರಿ. ಓದಿ ಹೇಳ್ತೀನಿ. ನಡೀಲಿ ಅವಳು.