ಕಹಿ ಅಳೆಯುವ ನಮ್ಮ ಮೇಡಂ

ಗಿಡಮೂಲಿಕೆಯೊಳಗಿನ ಮದ್ದನ್ನು ಬೇರೆ ಮಾಡಿ ಅಳೆಯುವ ಜಾಗದಲ್ಲಿ ನಗೋದಕ್ಕೆ ಏನಿರುತ್ತೆ ಅನ್ನುವವರು ನನ್ನ ಜೊತೆ ಚೆನ್ನೈನ ಕ್ರೋಂಪೇಟೆಗೆ ಬರಲಿ. ಅಲ್ಲಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಗಾಜಿನ ಸಾಮಾನು ತೊಳೆಯುತ್ತೇನೆ, ಎಲೆ ಒಣಗಿಸಿ ಪುಡಿ ಮಾಡಿಕೊಡುತ್ತೇನೆ. ಹತ್ತನೇ ಕ್ಲಾಸಿಗೆ ಓದು ನಿಲ್ಲಿಸಿದವಳು ನಾನು. ಆದರೂ ನಮ್ಮ ಮೇಡಂ ಕೆಲಸ ಮಾಡುವುದನ್ನು ನೋಡುತ್ತಾ ನಿಂತರೆ ಊಟದ ಹೊತ್ತು ಮರೆತುಹೋಗುತ್ತೆ.

೧. ಮೊಸರನ್ನ

ಮೇಡಂ ಕೈಕೆಳಗೆ ರಿಸರ್ಚ್ ಮಾಡುವ ಹುಡುಗಿ ಈ ವರ್ಷ ಹಿಡಿದಿದ್ದು ನೆಲಬೇವು. ಜ್ವರ ಬಂದರೆ ಇಡೀ ಚೆನ್ನೈ ಮೂಗು ಮುಚ್ಚಿಕೊಂಡು ಕುಡಿಯುವ ಕಷಾಯದ ಸೊಪ್ಪು. ಅದನ್ನು ಪುಡಿ ಮಾಡಿದ ದಿನ ಸೋಪು ಹಾಕಿ ಕೈ ಉಜ್ಜಿ ಉಜ್ಜಿ ತೊಳೆದು, ಮನೆಗೆ ಬಂದು ಮೊಸರನ್ನ ಕಲಸಿದೆ. ಮಗಳು ಮೊದಲ ತುತ್ತಿಗೇ ಉಗಿದು, "ಕಸಕ್ಕುದುಮ್ಮಾ" ಅಂದಳು. ನಾವು ಎಷ್ಟು ಕನ್ನಡ ಮಾತಾಡಿದರೂ ಅವಳಿಗೆ ಕಹಿಯಾಗುವುದು ತಮಿಳಿನಲ್ಲೇ. ನನ್ನ ಗಂಡ ಮಾತ್ರ ತಟ್ಟೆ ಪೂರ್ತಿ ಖಾಲಿ ಮಾಡಿದರು. ನಿಮಗೇನೂ ಅನಿಸಲಿಲ್ಲವಾ ಅಂತ ಕೇಳಿದೆ.

"ಯಾಕೆ, ಇವತ್ತು ಏನಾದ್ರೂ ಬೇರೆ ಹಾಕಿದ್ಯಾ?"

೨. ಮೂಟೆ ಮತ್ತು ಚಮಚ

ಹುಡುಗಿಯ ತಾಯಿ ಒಮ್ಮೆ ಲ್ಯಾಬ್ ನೋಡಲು ಬಂದರು. ಮೂಟೆ ಸೊಪ್ಪನ್ನು ಆಲ್ಕೋಹಾಲಿನಲ್ಲಿ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಮಗಳು ಕೊನೆಗೆ ತೋರಿಸಿದ್ದು ಗಾಜಿನ ತಳಕ್ಕೆ ಅಂಟಿದ ಒಂದು ಚಮಚ ಹಸಿರು ಅಂಟು. ಮನೆಯಲ್ಲಾದರೆ ಅರ್ಧ ಗಂಟೆಯಲ್ಲಿ ಪಾತ್ರೆ ತುಂಬಾ ಕಷಾಯ ಮಾಡುತ್ತೇನಲ್ಲ ಅಂತ ಆಯಮ್ಮ ಮುಖ ಸಣ್ಣ ಮಾಡಿಕೊಂಡರು. ಮೇಡಂ ಕುರ್ಚಿ ಎಳೆದು ಕೂರಿಸಿ, ಆ ಪಾತ್ರೆಯಲ್ಲಿ ಮದ್ದು ಎಷ್ಟಿದೆ ಅಂತ ನಿಮಗೆ ಗೊತ್ತಾಗೋದಿಲ್ಲ, ನಿಮ್ಮ ಮಗಳಿಗೆ ಗೊತ್ತಾಗುತ್ತೆ ಅಂತ ಸಮಾಧಾನವಾಗಿ ಹೇಳಿದರು.

"ನನಗೂ ಗೊತ್ತಾಗುತ್ತಮ್ಮಾ," ಅಂದರು ತಾಯಿ. "ಕುಡಿದವರ ಮುಖ ನೋಡಿದ್ರೆ ಸಾಕು."

೩. ಆಯುಧಪೂಜೆ

ಮೂರು ಸಲ ಅಳೆದದ್ದು ಒಂದಕ್ಕೊಂದು ಹೊಂದದೆ ಮೇಡಂ ಹುಡುಗಿಯ ರಿಪೋರ್ಟಿಗೆ ಸಹಿ ಹಾಕುವವರಲ್ಲ. ಸೊಪ್ಪು ಒಂದು ಹಿಡಿ ಉಳಿದಿತ್ತು. ತಪ್ಪಿದರೆ ಹುಡುಗಿ ಮುಂದಿನ ಬೆಳೆಗೆ ಕಾಯಬೇಕು. ಅವಳಿಗೆ ಸಿಕ್ಕಿದ್ದ ಕೆಲಸ ಅಲ್ಲಿಯವರೆಗೆ ಕಾಯುವುದಿಲ್ಲ.

ಪೂಜೆ ಕಳೆದ ಮೇಲೆ ಅಳೆಯಲು ಕೂತರೆ ಒಂದೊಂದು ಸಲ ಒಂದೊಂದು ಲೆಕ್ಕ. ಹುಡುಗಿ ಅಳತೊಡಗಿದಳು. ಮೇಡಂ ಬೈಯಲಿಲ್ಲ, ಸೆರಗು ಸಿಕ್ಕಿಸಿ ತಾವೇ ಕೂತರು. ಗಾಜು ತೊಳೆದವಳು ಯಾರು ಅನ್ನುವಂತೆ ನನ್ನ ಕಡೆ ನೋಡಿದರು. ನಾನೂ ಅವರನ್ನೇ ನೋಡಿದೆ. ಕೊನೆಗೆ ಸೊಪ್ಪಿನ ರಸವೇ ಇಲ್ಲದೆ ಬರೀ ಆಲ್ಕೋಹಾಲು ಹಾಕಿ ಅಳೆದರು. ಅದರಲ್ಲೂ ಮದ್ದು ಇದೆ ಅಂತ ಮೆಷಿನ್ನು ತೋರಿಸಿತು. ರಸ ಹಾಕಿಟ್ಟರೆ ಮೆಷಿನ್ನು ಬೆಳಕು ಹಾಯಿಸಿ ಅಳೆಯುವ ಪುಟ್ಟ ಗಾಜಿನ ಡಬ್ಬಿಯನ್ನು ಮೇಡಂ ತೆಗೆದು ಕಿಟಕಿಗೆ ಹಿಡಿದು, ಬೆರಳಿನಿಂದ ಉಜ್ಜಿ, ಮೂಸಿದರು.

ಅರಿಶಿನ.

ಪೂಜೆಯ ದಿನ ದೊಡ್ಡ ಮೆಷಿನ್ನಿನಿಂದ ಹಿಡಿದು ಈ ಡಬ್ಬಿಗಳವರೆಗೆ ಒಂದನ್ನೂ ಬಿಡದೆ ಅರಿಶಿನ ಕುಂಕುಮ ಇಟ್ಟವರು ಮೇಡಂ. ಯಾವುದಕ್ಕೂ ಬೇಜಾರಾಗಬಾರದಂತೆ.

"ಅಳಬೇಡಮ್ಮಾ, ನಿನ್ನ ಕೆಲಸ ಸರಿಯಾಗಿದೆ. ಕೆಡಿಸಿದವಳು ನಾನು," ಅಂದರು. ನಮ್ಮೆಲ್ಲರ ಎದುರಿಗೇ ಅಂದರು. ಅಷ್ಟು ದೊಡ್ಡವರು ಹಾಗೆ ಹೇಳುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ಒಂದು ಡಬ್ಬಿ ತೊಳೆದು ಮತ್ತೆ ಅಳೆದರು. ಮೂರೂ ಹೊಂದಿದವು. ಒದ್ದೆ ಕೈಯಲ್ಲೇ ಸಹಿ ಹಾಕಿದರು. ಆಮೇಲೆ ಉಳಿದ ಡಬ್ಬಿಗಳನ್ನೆಲ್ಲ ಎತ್ತಿಕೊಂಡು ನನ್ನ ಸಿಂಕಿನ ಮುಂದೆ ನಿಂತರು. ಕೆಡಿಸಿದವರೇ ತೊಳೆಯಬೇಕಂತೆ.

ತೊಳೆದ ಡಬ್ಬಿಯೊಂದನ್ನು ನನ್ನ ಕೈಗೆ ಕೊಟ್ಟರು. ದಿನಾ ನಾನು ತೊಳೆದುಕೊಟ್ಟಾಗ ಅವರು ಮಾಡುವ ಹಾಗೆಯೇ ನಾನೂ ಅದನ್ನು ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ವಾಪಸು ಕೊಟ್ಟೆ.

"ಇನ್ನೊಂದು ಸಲ, ಮೇಡಂ."