ಜಾಕನ್ನು ನಂಬದ ಮಾವನವರು

ನಮ್ಮ ಮಾವನವರು ಜಗತ್ತಿನಲ್ಲಿ ಎಲ್ಲರನ್ನೂ ನಂಬುತ್ತಾರೆ. ರೇಡಿಯೋದ ಹವಾಮಾನ ವರದಿಯನ್ನು ನಂಬುತ್ತಾರೆ, ಚುನಾವಣೆಗೆ ನಿಂತವರನ್ನು ನಂಬುತ್ತಾರೆ, ‘ನಾಳೆ ಹೊಲಿದು ಕೊಡ್ತೇನ್ರಿ’ ಎನ್ನುವ ದರ್ಜಿಯನ್ನೂ ನಂಬುತ್ತಾರೆ. ಇಷ್ಟೇಕೆ, ಒಂದು ಬಶಿ ಅವಲಕ್ಕಿ ತಿಂದು, ನಾಲ್ಕು ಮಾತು ಆಡಿ ಎದ್ದ ನನ್ನಂಥ ಶಾಲಾ ಮಾಸ್ತರನನ್ನು ನಂಬಿ ಒಬ್ಬಳೇ ಮಗಳನ್ನು ಕೊಟ್ಟವರು ಅವರು! ಅಂಥವರು ನಂಬದ ವಸ್ತು ಒಂದೇ ಒಂದು. ಅದು ಜಾಕು. ವ್ಯಾನನ್ನು ಎತ್ತುವ ಆ ಗೇಣುದ್ದದ ಕಬ್ಬಿಣದ ಸಾಮಾನನ್ನು ಅವರು ನೋಡುವ ಹಾಗೆ ಮನೆಗೆ ನುಗ್ಗಿದ ಕಳ್ಳನನ್ನೂ ಯಾರೂ ನೋಡಲಿಕ್ಕಿಲ್ಲ.

ಅವರ ಮನೆ ಧಾರವಾಡದ ಕೆಲಗೇರಿಯಲ್ಲಿ. ಮದುವೆ ಮನೆಗಳಿಗೆ ಅಡಿಗೆಯ ಪಾತ್ರೆ, ಊಟಕ್ಕೆ ಕೂಡುವ ಮಣೆ ಬಾಡಿಗೆಗೆ ಕೊಡುವ ಉದ್ಯೋಗ. ಆ ಕೊಪ್ಪರಿಗೆ, ಹಂಡೆಗಳನ್ನು ಊರೂರಿಗೆ ಹೊರಲು ಒಂದು ಹಳೆಯ ವ್ಯಾನು. ತೊಂಬತ್ತರ ದಶಕದ ನಮ್ಮ ಕಡೆಯ ರಸ್ತೆಗಳನ್ನು ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ವ್ಯಾನು ಮೇಲಿಂದ ಮೇಲೆ ಏನಾದರೊಂದು ಮುರಿದುಕೊಂಡು ಬರುತ್ತಿತ್ತು, ಮುರಿದಾಗಲೆಲ್ಲ ಅದನ್ನು ಎತ್ತಬೇಕಾಗುತ್ತಿತ್ತು.

ಎತ್ತುವುದೆಂದರೆ ಆ ಮನೆಯಲ್ಲಿ ಸಣ್ಣ ಮಾತೇ? ಮದುವೆಯಾದ ಮೇಲಿನ ಮೊದಲ ದೀಪಾವಳಿ. ಹೊಸ ಅಳಿಯನೆಂದು ನನ್ನನ್ನು ಮಣೆಯ ಮೇಲೆ ಕೂಡಿಸಿ ಅತ್ತೆಯವರು ಹೋಳಿಗೆಗೆ ತುಪ್ಪ ಹಾಕುತ್ತಿದ್ದರು. ಅಂಗಳದಿಂದ ಗುಡುಗು ಬಂತು: “ಯಾರೂ ಹೊಸ್ತಿಲಾ ದಾಟಬ್ಯಾಡ್ರಿ! ಗಾಡಿ ಏರಸಾಕತ್ತೇನಿ!”

ಅತ್ತೆಯವರ ಕೈ ತುಪ್ಪದ ಬಟ್ಟಲಿನ ಸಮೇತ ನಡುವೆಯೇ ನಿಂತಿತು. ನಾನು ಕಿಟಕಿಯಿಂದ ಇಣುಕಿದೆ. ವ್ಯಾನಿನ ಹೊಟ್ಟೆ ಪೂರ್ತಿ ಖಾಲಿ. ಮಾವನವರು ಹ್ಯಾಂಡ್ ಬ್ರೇಕು ಎಳೆದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಯಾರಾದರೂ ಹತ್ತಿ ಚಾಲೂ ಮಾಡಿದರೆ ಏನು ಗತಿ? ನೆಲದ ಮೇಲೆ ಉಳಿಯುವ ಗಾಲಿಗಳಿಗೆ ಹಿಂದೊಂದು ಮುಂದೊಂದು ಕಲ್ಲು ಕೊಟ್ಟರು. ಜಾಕಿನ ಕೆಳಗೆ ಅಗಲವಾದ ಹಲಗೆ ಇಟ್ಟರು. ಗಾಡಿ ಏರಿದೊಡನೆ ಎರಡೂ ಬದಿಗೆ ಜಾಲಿಮರದ ದಪ್ಪ ತುಂಡುಗಳನ್ನು ನಿಲ್ಲಿಸಿ, ಜಾಕನ್ನು ತುಸು ಇಳಿಸಿ, ಭಾರವನ್ನೆಲ್ಲ ಆ ತುಂಡುಗಳ ಮೇಲೆ ಬಿಟ್ಟರು.

“ಜಾಕು ಏರಸಾಕ ಅಷ್ಟ ಐತ್ರಿ, ಹಿಡ್ಯಾಕಲ್ಲ,” ಎಂದು ಕಿಟಕಿಯಲ್ಲಿದ್ದ ನನಗೆ ಉಪದೇಶ ಮಾಡಿ, “ಅಳಿಯಂದ್ರ, ಬಂದು ಒಮ್ಮೆ ಜೋರಲೇ ದೂಡಿ ನೋಡ್ರಿ. ಅಳ್ಳಾಡಿದ್ರ ಮತ್ತ ಮೊದಲಿಂದ,” ಎಂದರು.

ನಾನು ಎಂಜಲುಗೈಯಲ್ಲೇ ಹೋಗಿ, ಇದ್ದಬದ್ದ ಶಕ್ತಿ ಹಾಕಿ ದೂಡಿದೆ. ವ್ಯಾನು ಮಿಸುಕಲಿಲ್ಲ. ಮಾವನವರಿಗೆ ಸಮಾಧಾನವಾಗುವ ಬದಲು ಸಂಶಯ ಬಂತು. “ಗಾಡಿ ಗಟ್ಟಿ ಕುಂತೈತೋ, ನಿಮ್ಮ ಕೈಯಾಗ ಕಸುವಿಲ್ಲೋ? ಹೋಗ್ರಿ, ಇನ್ನೊಂದ ಹೋಳಿಗಿ ತಿಂದು ಬರ್ರಿ!”

ಇಷ್ಟಕ್ಕೆ ಮುಗಿಯಲಿಲ್ಲ. ಗಾಡಿಯ ಕೆಳಗೆ ಹೋದವರು ಹೊರಗೆ ಬರುವವರೆಗೆ ಬಾಯಿ ಮುಚ್ಚುವಂತಿರಲಿಲ್ಲ. ಮಾವನವರು ಹೊರಗೆ ಕುಕ್ಕರಗಾಲಲ್ಲಿ ಕುಳಿತು, ಒಳಗಿದ್ದವರ ಪಾದವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇರುತ್ತಿದ್ದರು. ಮಾತು ನಿಂತರೆ ಎಳೆದೇಬಿಡುತ್ತಿದ್ದರು. ಮೆಕ್ಯಾನಿಕ್ ದಾವಲಸಾಬನಿಗಂತೂ ಇದು ದೊಡ್ಡ ಸಂಕಟ.

“ದಾವಲಸಾಬ, ಮಾತಾಡ!”

“ಏನ್ ಮಾತಾಡ್ಲಿರಿ ಸಾವಕಾರ್ರ? ನಟ್ ಬಿಚ್ಚಾಕತ್ತೇನ್ರಿ.”

“ಮನೀ ಸುದ್ದಿ ಹೇಳ. ನೀ ಸುಮ್ಮನಾದ್ರ ನನ್ನ ಎದಿ ಡವಡವ ಅಂತೈತಿ.”

ಹೀಗಾಗಿ ದಾವಲಸಾಬನ ಮನೆಯ ಸುದ್ದಿಯೆಲ್ಲ ವ್ಯಾನಿನ ಕೆಳಗಿನಿಂದ ಬಯಲಾಗುತ್ತ ಹೋಯಿತು. ಓಣಿಯ ಹೆಂಗಸರು ಅಕ್ಕಿ ಆರಿಸುವ ನೆಪದಲ್ಲಿ ಮೊರ ಹಿಡಿದು ಬಂದು ಕಟ್ಟೆಯ ಮೇಲೆ ಕೂಡತೊಡಗಿದರು. ವ್ಯಾನು ಕೆಡದೆ ಬಹಳ ದಿನವಾದರೆ ಅವರಿಗೇ ಚಡಪಡಿಕೆ. “ಗಾಡಿ ಏರಸೂದಿಲ್ಲೇನ್ರಿ? ದಾವಲಸಾಬನ ಬೀಗರದು ಸಿಟ್ಟ ಇಳೀತೋ ಇಲ್ಲೋ ತಿಳೀಲೇ ಇಲ್ಲ!”

ಇಷ್ಟೊಂದು ಅಂಜಿಕೆಗೆ ಹಿಂದೆ ಏನೋ ಅನಾಹುತ ನಡೆದಿರಬೇಕು ಎಂದು ನಾನು ಒಂದು ದಿನ ಮೆಲ್ಲಗೆ ಕೇಳಿದೆ. “ಏನೂ ಆಗಿಲ್ಲ,” ಎಂದರು. ಹಾಗಾದರೆ ಯಾಕಿಷ್ಟು ಒದ್ದಾಟ? ಅವರು ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದರು. “ಆಗಿಲ್ಲ ಅಂತನ ಮಾಡ್ತೇನ್ರಿ. ಆದ ಮ್ಯಾಲ ಮಾಡಿ ಯಾರಿಗಿ ತೋರಸೂದು?”

ನಾನು ಮನೆಗೆ ಬಂದು ಹೆಂಡತಿಯ ಎದುರು ಇದನ್ನೆಲ್ಲ ಅಭಿನಯಿಸಿ ನಗುತ್ತಿದ್ದೆ, ಆ ಶಿರಗುಪ್ಪಿಯ ಮದುವೆಯ ದಿನದವರೆಗೆ.

ಅಂದು ದಾವಲಸಾಬ ಬೇರೆ ಕೆಲಸಕ್ಕೆ ಹೋಗಿದ್ದ. ಮದುವೆ ಊಟದ ಆಸೆಗೆ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ವ್ಯಾನು ಹತ್ತಿದ್ದೆ. ಹಿಂದಿನ ಸಂಜೆ ಮಳೆಯಾಗಿ ಎರೆಮಣ್ಣು ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಶಿರಗುಪ್ಪಿ ಇನ್ನೇನು ಬಂತು ಎನ್ನುವಾಗ ಕೆಳಗಿನಿಂದ ಕರಕರ ಸಪ್ಪಳ ಬಂದು ವ್ಯಾನು ರಸ್ತೆಯ ಅಂಚಿಗೆ ನಿಂತುಬಿಟ್ಟಿತು. ಪಾತ್ರೆ ಕಟ್ಟಿದ ಹಗ್ಗ ಜಾರಿ ಕೆಳಗೆ ಬಿದ್ದು, ಗಾಲಿ ತಿರುಗಿಸುವ ಉದ್ದನೆಯ ರಾಡಿಗೆ ಸುತ್ತಿಕೊಂಡಿತ್ತು. ಯಾರಾದರೂ ಕೆಳಗೆ ಹೋಗಿ ಕೊಯ್ದು ತೆಗೆಯಲೇಬೇಕು. ಮಾವನವರಿಗೆ ಮೊಣಕಾಲು ನೋವು, ಮೇಲೆ ಹೊಟ್ಟೆ ಬೇರೆ. ಉಳಿದವನು ನಾನೊಬ್ಬನೇ!

ಅಷ್ಟರಲ್ಲಿ ವರನ ಕಾಕಾ ಮೋಟರ್ ಸೈಕಲ್ ಮೇಲೆ ಹುಡುಕಿಕೊಂಡು ಬಂದರು. “ಒಲಿ ಹೊತ್ತಿ ಎಷ್ಟೋ ಹೊತ್ತಾತ್ರಿ, ಮ್ಯಾಲ ಇಡಾಕ ಒಂದ ಪಾತ್ರಿ ಇಲ್ಲ! ಅಕ್ಕಿಕಾಳು ಬಿದ್ದು ಲಗ್ನ ಮುಗದ ಮ್ಯಾಲ ಮಂದಿಗಿ ಏನ ಉಣಸೂದು? ಲಗೂ ಜಾಕ್ ಏರಿಸಿ ಒಳಗ ನುಗ್ರಿ!”

ಮಾವನವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಪಾತ್ರೆ, ಮಣೆಗಳನ್ನೆಲ್ಲ ರಸ್ತೆಗೆ ಇಳಿಸಿದೆವು. ಕೀಲಿಕೈ ಉಡಿದಾರಕ್ಕೆ ಹೋಯಿತು. ವ್ಯಾನಿನಲ್ಲೇ ಇರುತ್ತಿದ್ದ ಕಲ್ಲು ಗಾಲಿಗೆ, ಹಲಗೆ ಜಾಕಿಗೆ. ಗಾಡಿ ಏರಿತು. ಜಾಲಿ ತುಂಡು ತರಲು ವ್ಯಾನಿನ ಮೂಲೆಗೆ ಕೈ ಹಾಕಿದ ಮಾವನವರ ಮುಖ ಕಪ್ಪಿಟ್ಟಿತು. ಇದ್ದದ್ದು ಒಂದೇ ತುಂಡು! ಇನ್ನೊಂದನ್ನು ಹಿಂದಿನ ಮದುವೆಯಲ್ಲಿ ಅಡಿಗೆಯವನು, ಎಂಥಾ ಒಣ ಕಟ್ಟಿಗೆ ಎಂದು ಮೆಚ್ಚಿ ಒಲೆಗೆ ಹಾಕಿ ಶಿರಾ ಮಾಡಿದ್ದ. ನಾವೇ ಹೊಟ್ಟೆ ತುಂಬ ತಿಂದಿದ್ದೆವು. ಎರೆ ಹೊಲದಲ್ಲಿ ಕಲ್ಲು ಹುಡುಕಿದರೆ ಸಿಗುತ್ತದೆಯೇ?

ಮಾವನವರು ಇದ್ದ ಒಂದು ತುಂಡನ್ನು ಒಂದು ಬದಿಗೆ ನಿಲ್ಲಿಸಿದರು. ಆಮೇಲೆ ಊಟದ ಮಣೆಗಳನ್ನು ಹೊತ್ತು ತಂದು, ಇನ್ನೊಂದು ಬದಿಗೆ ಒಂದರ ಮೇಲೊಂದು ಅಡ್ಡಡ್ಡವಾಗಿ ಒಟ್ಟತೊಡಗಿದರು. ಕಡೆಗೆ ಎರಡು ಬೆರಳು ಸಂದಿ ಉಳಿಯಿತು. ಅಲ್ಲಿ ಹಿಡಿಸುವಷ್ಟು ತೆಳುವಾದದ್ದು ಒಂದೇ ಇತ್ತು, ವರ ಕೂಡಲೆಂದು ಹೊಸ ಬಟ್ಟೆಯಲ್ಲಿ ಸುತ್ತಿ ತಂದ ಸಾಗವಾನಿ ಮಣೆ.

ಕಾಕಾ ಹೌಹಾರಿದರು. “ನಮ್ಮ ಹುಡುಗ ಕುಂಡ್ರೂ ಮಣೀರಿ ಅದು! ಗಾಡೀ ಬುಡಕ ಇಡ್ತೀರೇನು? ಎರಡ ಬೆರಳ ಸಂದಿಗಿ ಏನಾಗ್ತೈತ್ರಿ?”

“ನಿಮ್ಮ ಹುಡುಗ ಮ್ಯಾಲ ಕುಂಡ್ರತಾನ. ನನ್ನ ಹುಡುಗ ಕೆಳಗ ಹೊಕ್ಕಾನ,” ಎಂದು ಮಾವನವರು ಮಣೆಯನ್ನು ಸಂದಿಗೆ ತೂರಿಸಿದರು.

ಆದರೂ ಅವರ ಜೀವ ಒಪ್ಪಲಿಲ್ಲ. ಮಣೆಗಳೆಂದರೆ ಜಾಲಿ ತುಂಡೇ? ಪೂರ್ತಿ ಭಾರ ಬಿಟ್ಟರೆ ತಡೆದಾವೇ? ಅರ್ಧ ಭಾರವನ್ನು ಜಾಕಿಗೇ ಉಳಿಸಿದರು. ಜೀವಮಾನದಲ್ಲಿ ಮೊದಲ ಸಲ ಜಾಕನ್ನು ನಂಬಬೇಕಾಗಿ ಬಂದು ಅವರ ಹಣೆಯೆಲ್ಲ ಬೆವರಿತ್ತು. ದೂಡಿ ನೋಡಿದರು, ನನ್ನಿಂದ ದೂಡಿಸಿದರು, ಕಾಕಾನಿಂದಲೂ ದೂಡಿಸಿದರು. ಆಮೇಲೆ ನಾನು ಚಾಕು ಹಿಡಿದು ಅಂಗಾತ ಒಳಗೆ ಸರಿದೆ. ಅವರ ಕೈ ನನ್ನ ಪಾದವನ್ನು ಹಿಡಿಯಿತು. ಮದುವೆಯಲ್ಲಿ ಕಾಲು ತೊಳೆದಾಗಲೂ ಅವರು ಇಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ!

“ಮಾತಾಡ್ರಿ ಅಳಿಯಂದ್ರ!”

ಏನು ಮಾತಾಡುವುದು? ಮೂಗಿನ ಮೇಲೆ ವ್ಯಾನು, ಬೆನ್ನ ಕೆಳಗೆ ಕೆಸರು. ನಮ್ಮ ಮನೆಯ ಸುದ್ದಿ ಹೇಳೋಣವೆಂದರೆ ಅದು ಅವರ ಮಗಳ ಸುದ್ದಿಯೇ! ಮಾಸ್ತರನಿಗೆ ಗೊತ್ತಿದ್ದದ್ದು ಮಗ್ಗಿ. ಹದಿನೇಳರದು ಶುರು ಮಾಡಿದೆ. ಹಗ್ಗ ಎಳೆಎಳೆಯಾಗಿ ಬಿಡುತ್ತಿತ್ತು. “ಹದಿನೇಳ ಏಳ್ಲೆ ನೂರಾ ಹತ್ತೊಂಬತ್ತು... ಹದಿನೇಳ ಎಂಟ್ಲೆ...”

ರಸ್ತೆಯಲ್ಲಿ ಹತ್ತಿ ತುಂಬಿದ ಲಾರಿಯೊಂದು ಭರ್ರನೆ ಹೋಯಿತು. ನೆಲ ನಡುಗಿತು. ಜಾಕು ಹಲಗೆಯ ಸಮೇತ ಮಣ್ಣಿನಲ್ಲಿ ವಾಲಿ, ಠಣ್ಣನೆ ಸಿಡಿದು ಬಿತ್ತು. ಇಡೀ ವ್ಯಾನು ಧಡ್ ಎಂದು ಮಣೆಗಳ ಮೇಲೆ ಕುಳಿತಿತು. ಕಟಕಟ ಎಂದು ಕಟ್ಟಿಗೆ ಸೀಳಿದ ಸಪ್ಪಳ ನನ್ನ ಕಿವಿಯ ಪಕ್ಕದಲ್ಲೇ ಕೇಳಿತು. ಬಾಯಿ ತೆರೆದೇ ಇತ್ತು. ಹದಿನೇಳ ಎಂಟ್ಲೆ ಎಷ್ಟೆಂಬುದು ಬರಲೊಲ್ಲದು.

“ಮಾತಾಡ್ರಿ!” ಹೊರಗಿನಿಂದ ಕೂಗು. ನನಗೆ ಧ್ವನಿ ಇಲ್ಲ. “ನೂರಾ ಮೂವತ್ತಾರು! ನೂರಾ ಮೂವತ್ತಾರು ಅನ್ನೋ ಮಗನ!” ಎನ್ನುತ್ತ ಮಾವನವರು ಎರಡೂ ಕಾಲು ಹಿಡಿದು ನನ್ನನ್ನು ರಸ್ತೆಗೆ ಎಳೆದುಹಾಕಿದರು. ಮೊಣಕಾಲು ನೋವಿನ ಮನುಷ್ಯ ಕೆಸರಿನಲ್ಲಿ ಮಂಡಿಯೂರಿ ನನ್ನ ತಲೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದರು.

“ನೂರಾ ಮೂವತ್ತಾರು,” ಎಂದೆ ನಾನು.

ಕಾಕಾ ಬಗ್ಗಿ ಗಾಡಿಯ ಕೆಳಗೆ ನೋಡಿದರು. ಮೇಲಿನ ಮಣೆ ಉದ್ದಕ್ಕೆ ಬಿರಿದಿತ್ತು, ಆದರೆ ಎರಡಾಗಿರಲಿಲ್ಲ. “ಹ್ವಾದ್ರ ಹೋಗ್ಲಿ ಬಿಡ್ರಿ ಮಣಿ,” ಎಂದು ಅವರೇ ಮೆಲ್ಲಗೆ ಹೇಳಿದರು. “ಎಷ್ಟ ಹೊತ್ತಾದ್ರೂ ಆಗ್ಲಿ. ನೀವು ಮತ್ತ ಮೊದಲಿಂದ ಮಾಡ್ರಿ.”

ಮೊದಲಿನಿಂದಲೇ ಮಾಡಿದೆವು. ಈ ಸಲ ಹಲಗೆಯ ಕೆಳಗೂ ಮಣೆ ಹಾಸಿ, ಭಾರವನ್ನೆಲ್ಲ ಮಣೆಗಳಿಗೇ ಬಿಟ್ಟು, ನಾನು ಹದಿನೆಂಟರ ಮಗ್ಗಿ ಹೇಳುತ್ತ ಹಗ್ಗ ತೆಗೆದೆ. ಊಟ ತಡವಾಯಿತು. ಕಾಕಾ ಯಾರಿಗೂ ತಕರಾರು ಮಾಡಲು ಬಿಡಲಿಲ್ಲ.

ಈಗ ಆ ವ್ಯಾನು ಇಲ್ಲ. ಮಣೆಯ ಮೇಲೆ ಕೂತು ಉಣ್ಣುವ ಮದುವೆಗಳೂ ಕಡಿಮೆಯಾಗಿವೆ. ಮಾವನವರು ಉದ್ಯೋಗ ನಿಲ್ಲಿಸಿ, ಮಣೆಗಳನ್ನೆಲ್ಲ ಮಠಕ್ಕೆ ಕೊಟ್ಟರು, ಒಂದನ್ನು ಬಿಟ್ಟು. ಬಿರುಕು ಬಿಟ್ಟ ಆ ಸಾಗವಾನಿ ಮಣೆಗೆ ಕೆಳಗಿನಿಂದ ಕಬ್ಬಿಣದ ಪಟ್ಟಿ ಬಡಿಸಿ ಇಟ್ಟುಕೊಂಡಿದ್ದಾರೆ. ನಾನು ಕೆಲಗೇರಿಗೆ ಹೋದಾಗಲೆಲ್ಲ ಊಟಕ್ಕೆ ಅದನ್ನೇ ಹಾಕುತ್ತಾರೆ. ಬೇರೆಯವರು ಅದರ ಮೇಲೆ ಕೂಡುವಂತಿಲ್ಲ, ಅವರ ಮಗಳೂ ಸಹ! ಮೊದಲು ಎರಡೂ ಅಂಗೈ ಊರಿ ಒತ್ತಿ ನೋಡುತ್ತಾರೆ, ಅತ್ತಿತ್ತ ಅಳ್ಳಾಡಿಸುತ್ತಾರೆ, ಆಮೇಲೆ, “ಕುಂಡರ್ರಿ ಅಳಿಯಂದ್ರ,” ಎನ್ನುತ್ತಾರೆ.

ನನಗೆ ಈಗ ಅದನ್ನು ಅಭಿನಯಿಸಿ ನಗಲು ಬರುವುದಿಲ್ಲ. ಆ ಮನುಷ್ಯನ ಮೇಲೆ ನನಗೆ ತಂದೆಯ ಮೇಲಿನಷ್ಟೇ ಪ್ರೀತಿ. ಮಣೆಯ ಮೇಲೆ ಕೂತು ನಾನು ಶಾಲೆಯ ಸುದ್ದಿ, ಮಳೆಯ ಸುದ್ದಿ, ಬಾಯಿಗೆ ಬಂದದ್ದು ಹೇಳುತ್ತ ಉಣ್ಣುತ್ತೇನೆ. ನಡುವೆ ಎಲ್ಲಾದರೂ ಸುಮ್ಮನಾದರೆ, ಅವರು ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತಾರೆ. ಆಗ ನಾನು ಮತ್ತೆ ಮಾತಾಡುತ್ತೇನೆ. ಅವರು ಉಣ್ಣುತ್ತಾರೆ.